ಅರ್ಥ ಆಗತ್ತೆ ಮೇಡಂ, ಮಾತಾಡಕ್ಕೆ ಬರಲ್ಲ

ನನ್ನ ಹತ್ರ ಇಂಗ್ಲಿಷ್ ಕಲಿಯಕ್ಕೆ ಬರೋರು ಹೆಚ್ಚುಕಮ್ಮಿ ಎಲ್ರೂ ಮೊದಲನೇ ದಿನ ಹೇಳೋ ಮಾತು ಇದೇನೇ. ಬಿಕಾಂ ಮುಗಿಸಿರೋ ಹುಡುಗಿ ಆಗ್ಲಿ, ಅಡಿಕೆ ಮಂಡಿಲಿ ಲೆಕ್ಕ ಬರಿಯೋರಾಗ್ಲಿ, ಮಗ ಸೊಸೆ ಅಮೆರಿಕದಲ್ಲಿರೋ ಅಮ್ಮ ಆಗ್ಲಿ, ಬಂದು ಕೂತು ಅದೂ ಇದೂ ಮಾತಾಡಿ, ಕಾಫಿ ಕುಡ್ದು, ಆಮೇಲೆ ದನಿ ಸಣ್ಣ ಮಾಡ್ಕೊಂಡು ಹೇಳ್ತಾರೆ, ಅರ್ಥ ಆಗತ್ತೆ, ಮಾತಾಡಕ್ಕೆ ಬರಲ್ಲ ಅಂತ. ಅವರು ಹೇಳೋದು ನಿಜಾನೇ. ಆದ್ರೆ ಇಷ್ಟು ವರ್ಷ ಕೇಳಿ ಕೇಳಿ ನಂಗೆ ಗೊತ್ತಾಗಿರೋದು ಏನಂದ್ರೆ ಅದು ಅರ್ಧ ನಿಜ. ಇನ್ನರ್ಧ ಯಾರೂ ಬಾಯ್ಬಿಟ್ಟು ಹೇಳಲ್ಲ: ಅರ್ಥ ಆಗದೇ ಇದ್ದಾಗ ಅರ್ಥ ಆಗ್ಲಿಲ್ಲ ಅಂತ ಹೇಳಕ್ಕೂ ಬರಲ್ಲ. ಹೇಳಕ್ಕೆ ನಾಚಿಕೆ. ಎದುರಿಗಿರೋರು ಏನೋ ಕೇಳ್ತಾರೆ, ಇವರಿಗೆ ಎರಡು ಪದ ಸಿಗತ್ತೆ ನಾಲ್ಕು ಪದ ಬಿಟ್ಟೋಗತ್ತೆ, ಆಗ ನಗ್ತಾ ‘ಯೆಸ್ ಯೆಸ್’ ಅಂದ್ಬಿಡ್ತಾರೆ, ಮಾತು ಅಲ್ಲಿಗೆ ನಿಂತೋಗತ್ತೆ.

ವಿನೋಬನಗರದಲ್ಲಿ ನಮ್ಮನೆ ಮುಂದಿನ ರೂಮಲ್ಲೇ ಸಂಜೆ ಹೊತ್ತು ಪಾಠ. ಬೋರ್ಡ್ ಇಲ್ಲ, ಬೆಂಚಿಲ್ಲ, ಕುರ್ಚಿ ಸಾಲ್ದೇ ಹೋದ್ರೆ ಚಾಪೆ. ಒಂದು ಸಲಕ್ಕೆ ಐದಾರು ಜನಕ್ಕಿಂತ ಜಾಸ್ತಿ ತಗೊಳಲ್ಲ, ಯಾಕಂದ್ರೆ ಮಾತು ಕಲಿಯೋ ಕಡೆ ಮಾತಾಡಕ್ಕೆ ಪಾಳಿ ಬರ್ಬೇಕಲ್ಲ, ಐವತ್ತು ಜನ ಕೂತ್ರೆ ಮಾತಾಡೋಳು ನಾನೊಬ್ಳೇ ಆಗೋಗ್ತೀನಿ. ಬರೋರು ಶಿವಮೊಗ್ಗದೋರು ಮಾತ್ರ ಅಲ್ಲ, ಭದ್ರಾವತಿಯಿಂದ ಬಸ್ಸಲ್ಲಿ ಬರ್ತಾರೆ, ತೀರ್ಥಹಳ್ಳಿ ಕಡೆಯೋರು ಪೇಟೆ ಕೆಲಸ ಇದ್ದ ದಿನ ಹಂಗೇ ಬಂದು ಕೂತು ಹೋಗ್ತಾರೆ.

ಇವರೆಲ್ಲಾ ಇಂಗ್ಲಿಷ್ ಓದ್ದೇ ಇರೋರೇನಲ್ಲ. ನಮ್ಮ ಕಾಲದಲ್ಲಿ ಕನ್ನಡ ಮೀಡಿಯಂನಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾಗ್ತಿತ್ತು, 2007ರಿಂದ ಈಚೆಗೆ ಸರ್ಕಾರಿ ಶಾಲೆಲೂ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಒಂದು ವಿಷಯ ಆಗಿ ಬಂತು. ಅಂದ್ರೆ ಈಗ ಇಪ್ಪತ್ತರ ಆಸುಪಾಸಲ್ಲಿರೋ ಹುಡುಗ್ರು ಎಸ್ಸೆಸ್ಸೆಲ್ಸಿ ಮುಗಿಸೋಷ್ಟರಲ್ಲಿ ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿರ್ತಾರೆ. ಆಕ್ಟಿವ್ ವಾಯ್ಸ್ ಪ್ಯಾಸಿವ್ ಮಾಡ್ತಾರೆ, ಕ್ವೆಶ್ಚನ್ ಟ್ಯಾಗ್ ಹಾಕ್ತಾರೆ, ಲೀವ್ ಲೆಟರ್ ಬರೀತಾರೆ. ಆದ್ರೆ ಫೋನಲ್ಲಿ ಯಾರಾದ್ರೂ ಬಡಬಡ ಅಂತ ಮಾತಾಡಿದ್ರೆ ಅವರನ್ನ ಒಂದ್ನಿಮಿಷ ನಿಲ್ಸೋದು ಹೆಂಗೆ ಅನ್ನೋದು ಆ ಹತ್ತು ವರ್ಷದಲ್ಲಿ ಎಲ್ಲೂ ಬಂದಿರಲ್ಲ. ಪರೀಕ್ಷೆಗೆ ಬರಲ್ವಲ್ಲ, ಯಾರು ಹೇಳ್ಕೊಡ್ತಾರೆ.

ಪದ ಕಮ್ಮಿ ಅಂತಾನೂ ಅಲ್ಲ. ಮೈಕೆಲ್ ವೆಸ್ಟ್ ಅಂತ ಒಬ್ಬರು ಇಂಗ್ಲಿಷ್ ಮೇಷ್ಟ್ರಿದ್ರು, ಬಂಗಾಳದಲ್ಲಿ, ಢಾಕಾದಲ್ಲಿ ಎಷ್ಟೋ ವರ್ಷ ಇದ್ದು ಅಲ್ಲಿನ ಹುಡುಗ್ರಿಗೆ ಹೆಂಗೆ ಕಲಿಸ್ಬೇಕು ಅಂತ ತಲೆ ಕೆಡಿಸ್ಕೊಂಡೋರು. ಅವರು 1953ರಲ್ಲಿ ಕಲಿಯೋರಿಗೆ ಮೊದಲು ಬೇಕಾಗೋ ಪದಗಳು ಇವು ಅಂತ ಪಟ್ಟಿ ಕೊಟ್ರು, ಸುಮಾರು 2000 ಪದ. ಆ ಪಟ್ಟಿ ತೆಗೆದು ನಮ್ಮ ಪಿಯುಸಿ ಪಾಸಾದ ಹುಡುಗ್ರ ಮುಂದೆ ಇಟ್ಟು ನೋಡಿದೀನಿ, ಮುಕ್ಕಾಲುಪಾಲು ಗೊತ್ತಿರತ್ತೆ ಅವರಿಗೆ. ಹಂಗಾದ್ರೆ ಸಿಕ್ಕಾಕೊಳ್ಳೋದು ಎಲ್ಲಿ? ಪದಪದ ಹುಡುಕಿ ಪೋಣಿಸಕ್ಕೆ ಹೋಗೋದ್ರಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಇಂಗ್ಲಿಷಲ್ಲಿ ನಡುವೆ ಬರತ್ತೆ, ಹಂಗಾಗಿ ಇವರು ಮನಸ್ಸಲ್ಲಿ ಕನ್ನಡ ವಾಕ್ಯ ಪೂರ್ತಿ ಮಾಡಿ, ಅದನ್ನ ಹಿಂದುಮುಂದು ತಿರುಗಿಸಿ, ಏನು ಹಾಕ್ಬೇಕು, ಈಸ್ ಹಾಕ್ಬೇಕಾ ವಾಸ್ ಹಾಕ್ಬೇಕಾ ಅಂತ ಯೋಚ್ನೆ ಮಾಡಿ ಬಾಯಿ ತೆರೆಯೋಷ್ಟರಲ್ಲಿ ಎದುರಿಗಿರೋರು ಮುಂದಿನ ಮಾತಿಗೆ ಹೋಗಿರ್ತಾರೆ. 1983ರಲ್ಲಿ ಪಾಲಿ ಮತ್ತೆ ಸೈಡರ್ ಅನ್ನೋ ಇಬ್ಬರು ಭಾಷಾ ವಿದ್ವಾಂಸರು ಇದರ ಬಗ್ಗೆನೇ ಬರ್ದಿದಾರೆ, ಸಲೀಸಾಗಿ ಮಾತಾಡೋರು ಪ್ರತಿ ಸಲ ವಾಕ್ಯ ಹೊಸದಾಗಿ ಕಟ್ಟಲ್ಲ, ಅವರ ತಲೇಲಿ ಸಾವಿರಾರು ರೆಡಿ ಮಾತು ಇರತ್ತೆ, ಗೊಂಚಲು ಗೊಂಚಲಾಗೇ ಎತ್ತಿ ಇಡ್ತಾರೆ ಅಂತ. ನಾವು ಕನ್ನಡದಲ್ಲಿ ಮಾಡೋದೂ ಅದೇ ತಾನೆ. ‘ಎಂತ ಮಾರಾಯ್ರೆ ಕಾಣ್ಲೇ ಇಲ್ಲ ಇತ್ಲಾಗೆ’ ಅನ್ನಕ್ಕೆ ಯಾರಾದ್ರೂ ವ್ಯಾಕರಣ ಯೋಚ್ನೆ ಮಾಡ್ತಾರಾ.

ಹಂಗಾಗಿ ನಾನು ಮೊದಲ ವಾರ ಟೆನ್ಸ್ ಮುಟ್ಟಲ್ಲ, ‘ಮೈ ನೇಮ್ ಈಸ್’ ಅಂತ ಪರಿಚಯ ಹೇಳ್ಸಲ್ಲ. ಮಾತು ಕೈ ತಪ್ಪಿ ಹೋಗೋವಾಗ ಅದನ್ನ ಹಿಡ್ಕೊಳ್ಳೋ ಮಾತುಗಳನ್ನ ಮೊದಲು ಕಲಿಸ್ತೀನಿ. ‘ಸಾರಿ, ಐ ಡಿಡ್ನ್ಟ್ ಗೆಟ್ ದಟ್.’ ‘ಕ್ಯಾನ್ ಯೂ ಸೇ ದಟ್ ಅಗೇನ್?’ ‘ಎ ಲಿಟ್ಲ್ ಸ್ಲೋಲಿ, ಪ್ಲೀಸ್.’ ‘ಗಿವ್ ಮಿ ಎ ಮಿನಿಟ್.’ ‘ಲೆಟ್ ಮಿ ಥಿಂಕ್.’ ಇಷ್ಟನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳೋ ಹಂಗಾಗ್ಬೇಕು. ಕೆಲವರಿಗೆ ಇದು ನಿರಾಸೆ ಆಗತ್ತೆ. ದುಡ್ಡು ಕೊಟ್ಟು ಬಂದಿದೀನಿ, ಇಂಗ್ಲಿಷ್ ಕಲಿಸಿ ಅಂದ್ರೆ ಗೊತ್ತಾಗಲ್ಲ ಅಂತ ಹೇಳೋದು ಕಲಿಸ್ತಾರಲ್ಲ ಅಂತ. ಇರ್ಲಿ. ಆ ವಾಕ್ಯಗಳು ಬಾಯಿಗೆ ಬಂದ ಮೇಲೆ ಅವರ ಮುಖ ನೋಡ್ಬೇಕು. ಎದುರಿಗಿರೋರು ಎಷ್ಟೇ ಫಾಸ್ಟಾಗಿ ಮಾತಾಡಿದ್ರೂ ನಿಲ್ಸೋ ಬ್ರೇಕು ನಮ್ಮ ಕಾಲಡಿಗೇ ಇದೆ ಅಂತ ಗೊತ್ತಾದ್ರೆ ಭಯ ಅರ್ಧ ಇಳ್ದೋಗತ್ತೆ.

ಆಗುಂಬೆ ರಸ್ತೆಲಿ ಒಂದು ಸಣ್ಣ ಹೋಂಸ್ಟೇ ನಡೆಸೋ ಹುಡುಗ ಒಬ್ಬ ಬರ್ತಾನೆ. ಮನೆ ಪಕ್ಕದಲ್ಲೇ ಎರಡು ಮೂರು ರೂಮು ಕಟ್ಟಿದಾನೆ, ತೋಟ ಇದೆ, ಹಳ್ಳ ಇದೆ, ಅವನ ಅಮ್ಮ ಅಕ್ಕಿ ರೊಟ್ಟಿ, ಕಡುಬು, ಮಳೆಗಾಲದಲ್ಲಿ ಕಳಲೆ ಪಲ್ಯ ಎಲ್ಲಾ ಮಾಡಿ ಹಾಕ್ತಾರೆ. ಬರೋರು ಬೆಂಗಳೂರು, ಹೈದರಾಬಾದು, ಪುಣೆ ಕಡೆಯೋರು. ಬಂದ ಮೇಲೆ ಇವನಿಗೆ ತೊಂದ್ರೆ ಇಲ್ಲ, ಕೈ ತೋರ್ಸಿ ನಗ್ತಾ ಹೆಂಗೋ ನಿಭಾಯಿಸ್ತಾನೆ. ಕಷ್ಟ ಇರೋದು ಫೋನಲ್ಲಿ. ಫೋನಲ್ಲಿ ಕೈ ಕಾಣಲ್ಲ ಮುಖ ಕಾಣಲ್ಲ. ಅದಕ್ಕೇ ನಾವು ಏನು ಮಾಡ್ತೀವಿ ಅಂದ್ರೆ ಎರಡು ಕುರ್ಚಿ ಬೆನ್ನಿಗೆ ಬೆನ್ನು ಹಾಕಿ ಕೂರ್ತೀವಿ, ಅವನು ಬಾಗಿಲ ಕಡೆ, ನಾನು ಗೋಡೆ ಕಡೆ, ಕೈಯಲ್ಲಿ ಮೊಬೈಲ್ ಹಿಡ್ಕೊಂಡು. ನಾನು ಬೆಂಗಳೂರಿನ ಗಿರಾಕಿ.

‘ಹಾಯ್, ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಯೂ ಹ್ಯಾವ್ ಎನಿಥಿಂಗ್ ಫಾರ್ ದ ಲಾಂಗ್ ವೀಕೆಂಡ್, ವೀ ಆರ್ ಫೋರ್ ಅಡಲ್ಟ್ಸ್ ಅಂಡ್ ಎ ಕಿಡ್.’

ಮೊದಮೊದಲು ಅವನ ಉತ್ತರ ‘ಯೆಸ್ ಮೇಡಂ’. ಎಷ್ಟು ರೂಮ್ ಅಂದ್ರೂ ‘ಯೆಸ್ ಮೇಡಂ’. ಗಿರಾಕಿ ಫೋನ್ ಇಟ್ಟು ಇನ್ನೊಂದು ಕಡೆ ಹುಡುಕ್ಕೊಂಡು ಹೋಗ್ತಾರೆ ಅಷ್ಟೇ. ನಾನು ಅವನಿಗೆ ಹೇಳಿದ್ದು ಇಷ್ಟು: ಪೂರ್ತಿ ಅರ್ಥ ಆಗ್ಬೇಕು ಅಂತ ಕಾಯ್ಬೇಡ, ಸಿಕ್ಕಿದ ಒಂದು ಪದ ಹಿಡ್ಕೋ, ಅದನ್ನ ವಾಪಸ್ ಹೇಳು, ತಪ್ಪಿಹೋದ ಜಾಗ ಮಾತ್ರ ಕೇಳು. ಬರೀ ‘ವಾಟ್?’ ಅಂದ್ರೆ ಅವರು ಅದೇ ಉದ್ದದ ವಾಕ್ಯಾನ ಅದೇ ಸ್ಪೀಡಲ್ಲಿ ಮತ್ತೆ ಹೇಳ್ತಾರೆ, ಪ್ರಯೋಜನ ಇಲ್ಲ. ‘ಲಾಂಗ್ ವೀಕೆಂಡ್, ಓಕೆ. ವಿಚ್ ಡೇಟ್ಸ್?’ ಅಂದ್ರೆ ಅವರು ಡೇಟು ಮಾತ್ರ ಹೇಳ್ತಾರೆ. ‘ಫೋರ್ ಅಡಲ್ಟ್ಸ್ ಅಂಡ್...?’ ಅಂತ ಅರ್ಧಕ್ಕೆ ಬಿಟ್ಟು ದನಿ ಎತ್ತರ್ಸಿದ್ರೆ ಸಾಕು, ‘ಒನ್ ಕಿಡ್’ ಅಂತ ಅವರೇ ತುಂಬಿಸ್ತಾರೆ. ಇದು ಅವನಿಗೆ ಎಷ್ಟು ಹಿಡಿಸ್ತು ಅಂದ್ರೆ ಮನೇಲಿ ಕನ್ನಡದಲ್ಲೂ ಹಂಗೇ ಮಾತಾಡ್ತಾನಂತೆ, ಅವರಮ್ಮ ನಂಗೆ ಫೋನ್ ಮಾಡಿ ನಗಾಡಿದ್ರು.

ಆಮೇಲೆ ನಂಬರು. ಇದರ ಬಗ್ಗೆ ನಂಗೆ ಸಿಕ್ಕಾಪಟ್ಟೆ ಕಾಳಜಿ. ಫಿಫ್ಟೀನು ಫಿಫ್ಟಿ, ಥರ್ಟೀನು ಥರ್ಟಿ ಫೋನಲ್ಲಿ ಒಂದೇ ಥರ ಕೇಳ್ಸತ್ತೆ, ದುಡ್ಡಿನ ವಿಷ್ಯದಲ್ಲಿ ಇದು ಜಗಳಕ್ಕೆ ಹೋಗತ್ತೆ. ‘ಫಿಫ್ಟೀನ್, ಒನ್ ಫೈವ್?’ ಅಂತ ಒಂದೊಂದೇ ಅಂಕಿ ಹೇಳಿ ಖಚಿತ ಮಾಡ್ಕೊಳ್ಳೋದು ಅಭ್ಯಾಸ ಆಗ್ಬೇಕು. ಫೋನ್ ಇಡೋ ಮುಂಚೆ ಎಲ್ಲಾ ಒಂದ್ಸಲ ವಾಪಸ್ ಓದಿ ಹೇಳ್ಬೇಕು, ‘ಸೋ, ಟೂ ರೂಮ್ಸ್, ಫ್ರೈಡೇ ಟು ಸಂಡೇ, ಫೋರ್ ಅಡಲ್ಟ್ಸ್, ಒನ್ ಚೈಲ್ಡ್. ಈಸ್ ದಟ್ ರೈಟ್?’ ಈ ‘ಈಸ್ ದಟ್ ರೈಟ್’ ಅನ್ನೋ ಮೂರು ಪದ ಎಷ್ಟು ತಲೆನೋವು ತಪ್ಸತ್ತೆ ಅಂತ ವ್ಯವಹಾರ ಮಾಡೋರನ್ನೇ ಕೇಳ್ಬೇಕು.

ಅವನಿಗೆ ಬೇಕಾದ ಉಳಿದ ಮಾತುಗಳನ್ನ ಯಾವ ಪುಸ್ತಕದಲ್ಲೂ ಹುಡುಕಿ ಉಪಯೋಗ ಇಲ್ಲ, ನಾವಿಬ್ಬರೇ ಕೂತು ಮಾಡಿದ್ದು. ಬಚ್ಚಲು ಒಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯಕ್ಕೆ ಅರ್ಧ ಗಂಟೆ ಬೇಕು, ಪಟ್ ಅಂತ ಗೀಸರ್ ಥರ ಬರಲ್ಲ, ಅದಕ್ಕೆ ‘ಹಾಟ್ ವಾಟರ್ ಟೇಕ್ಸ್ ಹಾಫ್ ಆನ್ ಅವರ್, ಪ್ಲೀಸ್ ಟೆಲ್ ಮಿ ಬಿಫೋರ್.’ ಕರೆಂಟ್ ಹೋದ್ರೆ ‘ದ ಪವರ್ ಈಸ್ ಔಟ್, ಇಟ್ ವಿಲ್ ಬಿ ಬ್ಯಾಕ್ ಸೂನ್’, ಯಾವಾಗ ಬರತ್ತೆ ಅಂತ ಅವನಿಗೂ ಗೊತ್ತಿಲ್ದೇ ಇದ್ರೆ ‘ಐ ವಿಲ್ ಚೆಕ್ ಅಂಡ್ ಟೆಲ್ ಯೂ.’ ಇನ್ನು ಉಂಬಳ. ಮಳೆಗಾಲದಲ್ಲಿ ಪೇಟೆ ಜನಕ್ಕೆ ಉಂಬಳ ಕಂಡ್ರೆ ಜೀವ ಹೋದಂಗೆ, ಕಾಲಲ್ಲಿ ರಕ್ತ ನೋಡಿ ಕಿರುಚಾಡ್ತಾರೆ. ‘ಇಟ್ಸ್ ಓನ್ಲಿ ಎ ಲೀಚ್. ಡೋಂಟ್ ಪುಲ್ ಇಟ್. ಐ ವಿಲ್ ಪುಟ್ ಸಾಲ್ಟ್.’ ಹೊರಡೋ ಮುಂಚೆನೇ ಹೇಳೋದಾದ್ರೆ ‘ಟಕ್ ಯುವರ್ ಪ್ಯಾಂಟ್ ಇನ್‌ಸೈಡ್ ಯುವರ್ ಸಾಕ್ಸ್.’ ಟಕ್ ಅನ್ನೋ ಪದ ಅವನಿಗೆ ಮೊದಲೇ ಗೊತ್ತಿತ್ತು, ಶಾಲೆ ಯೂನಿಫಾರ್ಮಿಂದ. ಈ ಥರ ಅವರೊಳಗೇ ಇರೋ ಪದಗಳನ್ನ ಹೊರಗೆ ತೆಗಿಯೋದು ನಂಗೆ ತುಂಬಾ ಖುಷಿ ಕೊಡೋ ಕೆಲ್ಸ.

ಹಿಂಗೆ ಕೆಲ್ಸ ಕೊಟ್ಟು ಭಾಷೆ ಕಲಿಸೋದು ನಾನೇನು ಹೊಸದಾಗಿ ಮಾಡ್ತಿರೋದಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅನ್ನೋರು ನಮ್ಮ ಬೆಂಗಳೂರು, ಮದ್ರಾಸು ಕಡೆ ಮಾಮೂಲಿ ಶಾಲೆಗಳಲ್ಲೇ ಒಂದು ಪ್ರಯೋಗ ನಡ್ಸಿದ್ರು. ವ್ಯಾಕರಣದ ಪಾಠ ಪಕ್ಕಕ್ಕಿಟ್ಟು ಹುಡುಗ್ರಿಗೆ ರೈಲ್ವೆ ಟೈಂಟೇಬಲ್ಲು, ಮ್ಯಾಪು ಇಂಥದ್ದನ್ನ ಕೊಟ್ಟು ಲೆಕ್ಕ ಬಿಡ್ಸಿ ಅನ್ನೋದು, ಬಿಡ್ಸೋವಾಗ ಇಂಗ್ಲಿಷಲ್ಲಿ ಯೋಚ್ನೆ ಮಾಡ್ಬೇಕು ಕೇಳ್ಬೇಕು ಹೇಳ್ಬೇಕು. ಅರ್ಥದ ಮೇಲೆ ಮನಸ್ಸಿದ್ರೆ ವ್ಯಾಕರಣ ತಂತಾನೇ ಒಳಗೆ ಇಳಿಯತ್ತೆ ಅನ್ನೋದು ಅವರ ನಂಬಿಕೆ. ಜಗತ್ತಿನಾದ್ಯಂತ ಭಾಷೆ ಕಲಿಸೋರು ಇವತ್ತಿಗೂ ಅದನ್ನ ಬೆಂಗಳೂರು ಪ್ರಾಜೆಕ್ಟ್ ಅಂತಾನೇ ಕರೀತಾರೆ, ನಮ್ಮಲ್ಲೇ ಎಷ್ಟೋ ಟೀಚರ್‌ಗಳಿಗೆ ಅದು ಗೊತ್ತಿಲ್ಲ ಅನ್ನೋದು ಬೇಜಾರು. ನಾನೂ ಶಿವಮೊಗ್ಗ ಬೆಂಗಳೂರು ರೈಲಿನ ಟೈಂಟೇಬಲ್ ಪ್ರಿಂಟ್ ಹಾಕ್ಸಿ ಇಟ್ಕೊಂಡಿದೀನಿ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತುಮಕೂರು. ಒಬ್ಬರಿಗೆ ಬೀರೂರಲ್ಲಿ ನೆಂಟರು ಹತ್ಕೋತಾರೆ, ಬೆಳಗ್ಗೆ ಹತ್ತಕ್ಕೆ ಬೆಂಗಳೂರಲ್ಲಿ ಇಂಟರ್ವ್ಯೂ ಇದೆ, ಯಾವ ರೈಲಿಗೆ ಹೋಗ್ಬೇಕು, ಇನ್ನೊಬ್ಬರು ಎನ್‌ಕ್ವೈರಿ ಕೌಂಟರು. ಅದರಲ್ಲಿ ಮುಳುಗಿದಾಗ ಅವರಿಗೆ ತಾವು ಇಂಗ್ಲಿಷ್ ಮಾತಾಡ್ತಿದೀವಿ ಅನ್ನೋದೇ ಮರ್ತೋಗಿರತ್ತೆ, ನಡುನಡುವೆ ‘ಅಯ್ಯೋ ಅದು ಸಂಡೇ ಇಲ್ಲ ಕಣ್ರೀ’ ಅಂತ ಕನ್ನಡ ನುಗ್ಗತ್ತೆ. ನುಗ್ಲಿ. ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ಫೈನು ಹಾಕೋ ಕೋಚಿಂಗ್ ಸೆಂಟರ್‌ಗಳ ಬಗ್ಗೆ ಕೇಳಿದೀನಿ, ನಂಗೆ ಅದು ಒಪ್ಪಿಗೆ ಆಗೋ ವಿಷ್ಯಾನೇ ಅಲ್ಲ. ಬಾಯಿ ಬಿಡಕ್ಕೇ ಹೆದರೋರಿಗೆ ಇದ್ದ ಒಂದು ಬಾಗಿಲನ್ನೂ ಮುಚ್ಚಿದಂಗೆ.

ಕನ್ನಡದಿಂದಾನೇ ಇಂಗ್ಲಿಷಿಗೆ ದಾರಿ ಸಿಗತ್ತೆ ಎಷ್ಟೋ ಸಲ. ಇಂಗ್ಲಿಷ್ ಸಿನಿಮಾ ನೋಡಿದ್ರೆ ಒಂದಕ್ಷರ ಅರ್ಥ ಆಗಲ್ಲ, ಕೆಳಗೆ ಬರ್ದಿದ್ದು ಓದಿದ್ರೆ ಎಲ್ಲಾ ಅರ್ಥ ಆಗತ್ತೆ, ಇದ್ಯಾಕೆ ಅಂತ ಆ ಬಿಕಾಂ ಹುಡುಗಿ ಕೇಳಿದ್ಲು, ಹೊಸನಗರದೋಳು, ಚುರುಕು. ನಾನು ಹೇಳ್ದೆ, ನಿಮ್ಮನೇಲಿ ಯಾರಾದ್ರೂ ‘ನೀನು ಏನು ಮಾಡುತ್ತಿದ್ದೀಯೆ’ ಅಂತ ಕೇಳ್ತಾರಾ? ‘ಎಂತ ಮಾಡ್ತಿದೀಯ’ ಅಂತಾರೆ. ಬರ್ಯೋ ಕನ್ನಡ ಬೇರೆ, ಆಡೋ ಕನ್ನಡ ಬೇರೆ ಅಂತ ನಮಗೆ ಹುಟ್ಟಿದಾಗಿಂದ ಗೊತ್ತು, ಇಂಗ್ಲಿಷಲ್ಲೂ ಹಂಗೇ, ‘ವಾಟ್ ಆರ್ ಯೂ ಗೋಯಿಂಗ್ ಟು ಡೂ’ ಅನ್ನೋದು ಬಾಯಲ್ಲಿ ‘ವಾಟಯ ಗೊನ ಡೂ’ ಆಗತ್ತೆ, ಕಂಫರ್ಟಬಲ್ ಹೋಗಿ ‘ಕಂಫ್ಟಬಲ್’ ಆಗತ್ತೆ. ಕನ್ನಡದಲ್ಲಿ ನಾವು ಒಂದೊಂದು ಅಕ್ಷರಕ್ಕೂ ಅದರ ಜಾಗ ಕೊಡ್ತೀವಿ, ಅವರು ಒಂದೆರಡು ಕಡೆ ಒತ್ತಿ ಹೇಳಿ ಉಳ್ದಿದ್ದನ್ನ ನುಂಗಿಬಿಡ್ತಾರೆ. ಒತ್ತಿ ಹೇಳಿದ್ದನ್ನ ಮಾತ್ರ ಹಿಡೀರಿ, ಅರ್ಥ ಅಲ್ಲೇ ಇರತ್ತೆ. ಅವತ್ತಿಂದ ಅವಳು ಕ್ರಿಕೆಟ್ ಕಾಮೆಂಟರಿ ಕೇಳಕ್ಕೆ ಶುರು ಮಾಡಿದಾಳೆ. ಒಳ್ಳೇದೇ, ಕಣ್ಣಿಗೆ ಕಾಣೋದನ್ನೇ ಬಾಯಲ್ಲಿ ಹೇಳ್ತಿರ್ತಾರಲ್ಲ.

ಕಷ್ಟ ಆಗೋದು ಮರ್ಯಾದೆ ವಿಷ್ಯಕ್ಕೆ ಬಂದಾಗ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಕೂತಿರತ್ತೆ, ‘ನೀರು ಕೊಡಿ’ ಅಂದ್ರೆ ಸಾಕು. ಅದನ್ನೇ ‘ಗಿವ್ ಮಿ ವಾಟರ್’ ಅಂದ್ರೆ ಜೋರು ಮಾಡಿದಂಗೆ ಕೇಳ್ಸತ್ತೆ, ಇವರ ಮನಸ್ಸಲ್ಲಿ ಎಳ್ಳಷ್ಟೂ ಜೋರಿರಲ್ಲ ಪಾಪ. ‘ಕ್ಯಾನ್ ಐ ಹ್ಯಾವ್’, ‘ಕುಡ್ ಯೂ’ ಅಂತ ಮುಂದೆ ಹಾಕ್ಬೇಕು ಅನ್ನೋದನ್ನ ಬಾಯಿಗೆ ಕೂರ್ಸಬೇಕು. ಇನ್ನು ಅಪ್ಪನ ಬಗ್ಗೆ ಹೇಳೋವಾಗ ‘ಹೀ’ ಅನ್ನಕ್ಕೆ ಎಷ್ಟೋ ಜನಕ್ಕೆ ನಾಲಿಗೆ ಬರಲ್ಲ, ‘ಮೈ ಫಾದರ್, ದೇ ಆರ್ ಫಾರ್ಮರ್’ ಅಂತಾರೆ. ಅಪ್ಪನ್ನ ಹೆಂಗೆ ಅವನು ಅನ್ನೋದು ಮೇಡಂ ಅಂತಾರೆ. ಅದನ್ನ ನಾನು ನಗಾಡಿ ತಿದ್ದಲ್ಲ, ಆ ಭಾಷೇಲಿ ರಾಜನಿಗೂ ಆಳಿಗೂ ಒಂದೇ ‘ಹೀ’, ಅದ್ರಲ್ಲಿ ಅಗೌರವ ಇಲ್ಲ ಅಂತ ಸಮಾಧಾನವಾಗಿ ಹೇಳ್ತೀನಿ.

ಭದ್ರಾವತಿಯಿಂದ ಬರೋ ನರ್ಸ್ ಒಬ್ಬಳಿಗೆ ಈ ಯಾವ ಸಂಕೋಚಾನೂ ಇಲ್ಲ. ಮನೇಲಿ ತಮಿಳು, ಬೀದೀಲಿ ಕನ್ನಡ, ಪಕ್ಕದ ಮನೇಲಿ ತೆಲುಗು, ವಾರ್ಡಲ್ಲಿ ಉರ್ದು. ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು ಇದ್ದ ಊರಲ್ವಾ ಅದು, ಎಲ್ಲೆಲ್ಲಿಂದಾನೋ ಜನ ಬಂದು ನೆಲೆಸಿದಾರೆ. ಅರ್ಧಂಬರ್ಧ ಭಾಷೇಲಿ ಬದುಕೋದು ಅವಳಿಗೆ ಮಾಮೂಲು, ಅದಕ್ಕೇ ಇಂಗ್ಲಿಷನ್ನೂ ಅರ್ಧಂಬರ್ಧ ಮಾತಾಡಕ್ಕೆ ಅವಳಿಗೆ ನಾಚಿಕೆ ಆಗಲ್ಲ. ಒಂದೇ ಭಾಷೆಯ ಮನೇಲಿ ಬೆಳೆದೋರಿಗಿಂತ ಇಂಥೋರು ಬೇಗ ಬಾಯಿ ಬಿಡ್ತಾರೆ ಅನ್ನೋದು ನಾನು ಕಂಡಿದ್ದು. ಲಂಬಾಣಿ ಮಾತಾಡೋ ಮಕ್ಕಳೂ ಅಷ್ಟೇ, ಉರ್ದು ಮನೆ ಮಕ್ಕಳೂ ಅಷ್ಟೇ. ಅವಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅಪ್ಲೈ ಮಾಡ್ಬೇಕು ಅಂತಿದಾಳೆ. ‘ವೇರ್ ಡಸ್ ಇಟ್ ಹರ್ಟ್?’ ‘ಐ ಆಮ್ ಗೋಯಿಂಗ್ ಟು ಗಿವ್ ಯೂ ಆನ್ ಇಂಜೆಕ್ಷನ್, ಓಕೆ?’ ‘ಟೆಲ್ ಮಿ ಇಫ್ ಇಟ್ ಹರ್ಟ್ಸ್.’ ಇವೆಲ್ಲಾ ಮಾಡ್ತೀವಿ. ‘ಫ್ರಮ್ ಹೌ ಮೆನಿ ಡೇಸ್?’ ಅಂತ ಅವಳು ಕೇಳೋದನ್ನ ನಾನು ತಿದ್ದಕ್ಕೆ ಹೋಗಿಲ್ಲ. ಇಂಗ್ಲೆಂಡಲ್ಲಿ ಹಂಗನ್ನಲ್ಲ ನಿಜ, ಆದ್ರೆ ಬೆಂಗಳೂರಲ್ಲಿ ಜ್ವರ ಬಂದು ಮಲಗಿರೋ ಯಾವ ರೋಗಿಗೂ ಅದು ಅರ್ಥ ಆಗತ್ತೆ, ಡಾಕ್ಟ್ರೂ ಹಂಗೇ ಕೇಳ್ತಾರೆ. ಹೊರದೇಶಕ್ಕೆ ಹೋಗೋ ದಿನ ಬಂದ್ರೆ ಆಗ ನೋಡೋಣ.

ತಿದ್ದೋದು ಅಂದ್ರೆ ನಂಗೆ ಒಂದು ನಿಯಮ ಇದೆ, ಮಾತಿನ ನಡುವೆ ಕೈ ಹಾಕಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಅಂದ್ರೆ ‘ಓ, ಯೂ ಹ್ಯಾವ್ ಟೂ ಸಿಸ್ಟರ್ಸ್! ಎಲ್ಡರ್ ಆರ್ ಯಂಗರ್?’ ಅಂತ ಸರಿಯಾದ್ದನ್ನ ನನ್ನ ಮಾತಲ್ಲಿ ಸೇರ್ಸಿ ಮುಂದೆ ಹೋಗ್ತೀನಿ. ಕಿವಿಗೆ ಬಿದ್ದಿರತ್ತೆ. ನಾಲ್ಕು ಸಲ ಬಿದ್ರೆ ಐದನೇ ಸಲ ಅವರ ಬಾಯಲ್ಲೇ ಬರತ್ತೆ.

ಆ ಅಮ್ಮನ ವಿಷ್ಯ ಹೇಳ್ಬೇಕು. ಅರವತ್ತು ದಾಟಿದೆ, ಹೊಸನಗರದ ಹತ್ರ ತೋಟದ ಮನೆ, ಈಗ ಮಗಳ ಜೊತೆ ನಮ್ಮ ಹಿಂದಿನ ರಸ್ತೆಲಿ ಇದಾರೆ. ಮಗ ನ್ಯೂಜೆರ್ಸಿಲಿ. ಮೊಮ್ಮಗನಿಗೆ ಆರು ವರ್ಷ, ಕನ್ನಡ ಕೇಳಿದ್ರೆ ಸ್ವಲ್ಪ ಗೊತ್ತಾಗತ್ತೆ, ಮಾತು ಬರೀ ಇಂಗ್ಲಿಷು. ಶನಿವಾರ ಇಲ್ಲಿ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್, ಬೇಸಿಗೇಲಿ ಅಲ್ಲಿ ಆಗ ಬೆಳಗ್ಗೆ ಹನ್ನೊಂದು, ನವೆಂಬರಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತು. ‘ಹೌ ಆರ್ ಯೂ’ ಅಂತೀನಿ, ‘ಗುಡ್’ ಅಂತಾನೆ, ‘ಹೌ ಈಸ್ ಸ್ಕೂಲ್’ ಅಂತೀನಿ, ‘ಗುಡ್’ ಅಂತಾನೆ, ಆಮೇಲೆ ಫೋನು ಅವರಪ್ಪನ ಕೈಗೆ ಹೋಗತ್ತೆ ಮಾರಾಯ್ತಿ, ನಂಗೆ ಅವನ ಹತ್ರ ಇನ್ನೂ ಮಾತಾಡ್ಬೇಕು, ಹೇಳ್ಕೊಡು ಅಂದ್ರು.

ಅವರಿಗೆ ಎಬಿಸಿಡಿ ಚೆನ್ನಾಗಿ ಬರತ್ತೆ, ಹಳೇ ಕಾಲದ ಎಸ್ಸೆಸ್ಸೆಲ್ಸಿ. ಬೇಕಾಗಿದ್ದು ಒಂದೇ ಪದದಲ್ಲಿ ಉತ್ತರ ಮುಗ್ದೋಗದಂಥ ಪ್ರಶ್ನೆ. ಮಕ್ಕಳ ಹತ್ರ ‘ಹೌ’ ಕೇಳಿದ್ರೆ ‘ಗುಡ್’ ಬರತ್ತೆ, ಅದು ಇಲ್ಲಿನ ಮಕ್ಕಳಾದ್ರೂ ಅಷ್ಟೇ, ‘ಶಾಲೆ ಹೆಂಗಿತ್ತು’ ಅಂದ್ರೆ ‘ಚೆನ್ನಾಗಿತ್ತು’ ಅಂತ ಓಡೋಗ್ತಾವೆ. ‘ಶೋ ಮಿ ಯುವರ್ ಡ್ರಾಯಿಂಗ್’ ಅಂದ್ರೆ ಓಡಿ ಹೋಗಿ ತರ್ತಾನೆ. ತಂದ ಮೇಲೆ ‘ಹೂ ಈಸ್ ದಿಸ್?’ ‘ವೈ ಈಸ್ ಹೀ ಆಂಗ್ರಿ?’ ‘ದೆನ್ ವಾಟ್ ಹ್ಯಾಪನ್ಡ್?’ ಈ ‘ದೆನ್ ವಾಟ್ ಹ್ಯಾಪನ್ಡ್’ ಒಂದಿದ್ರೆ ಮಗು ಅರ್ಧ ಗಂಟೆ ಕಥೆ ಹೇಳತ್ತೆ. ಅವರು ಅದನ್ನ ಕನ್ನಡದಲ್ಲಿ ಒಂದು ಚೀಟಿಲಿ ಬರ್ದು ಫ್ರಿಜ್ಜಿಗೆ ಅಂಟ್ಸಿದಾರೆ. ಅರ್ಥ ಆಗದೇ ಇದ್ರೆ ‘ಸ್ಲೋಲಿ, ಅಜ್ಜಿ ಈಸ್ ಲರ್ನಿಂಗ್’ ಅಂತ ಹೇಳಿ ಅಂತ ನಾನು ಹೇಳ್ಕೊಟ್ಟೆ. ಆ ಮಗು ನಿಜವಾಗ್ಲೂ ನಿಧಾನ ಮಾಡಿ, ಒಂದೊಂದೇ ಪದ ಬಿಡಿಸಿ ಹೇಳಕ್ಕೆ ಶುರು ಮಾಡ್ತು, ಟೀಚರ್ ಥರ. ದೊಡ್ಡೋರು ಇಷ್ಟು ತಾಳ್ಮೆಯಿಂದ ಹೇಳೋದನ್ನ ನಾನು ಕಂಡಿಲ್ಲ. ಇತ್ತೀಚೆಗೆ ಅವನೂ ಕೇಳ್ತಾನಂತೆ, ಹಿಂದೆ ಕಾಣೋ ಹಂಡೆ ತೋರ್ಸಿ ‘ವಾಟ್ಸ್ ದಟ್ ಅಜ್ಜಿ?’ ಅಂತ. ಇವರು ‘ಹಂಡೆ’ ಅಂತಾರೆ, ಅವನು ‘ಹಂಡೇ’ ಅಂತಾನೆ, ಅವರಿಬ್ಬರ ಪಾಠ ಬೇರೆನೇ ನಡೀತಿದೆ.

ಇಂಗ್ಲಿಷ್ ಕಲಿಸ್ತೀಯಲ್ಲ, ಕನ್ನಡದ ಗತಿ ಏನು ಅಂತ ಕೆಲವರು ನನ್ನ ಕೇಳ್ತಾರೆ, ಪ್ರೀತಿಯಿಂದಾನೇ ಕೇಳ್ತಾರೆ. ನಮ್ಮ ಕುಪ್ಪಳಿಯ ಕುವೆಂಪು ಮೊದಲು ಕವಿತೆ ಬರೀತಿದ್ದಿದ್ದು ಇಂಗ್ಲಿಷಲ್ಲಿ, ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೇಲಿ ಬರೀರಿ ಅಂದ ಮೇಲೆ ಕನ್ನಡಕ್ಕೆ ತಿರುಗಿದ್ದು. ಮೇಳಿಗೆಯ ಅನಂತಮೂರ್ತಿ ಕಾಲೇಜಲ್ಲಿ ಪಾಠ ಮಾಡಿದ್ದು ಇಂಗ್ಲಿಷು, ಕಥೆ ಬರ್ದಿದ್ದು ಕನ್ನಡದಲ್ಲಿ. ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನೋರೇ. ಇನ್ನೊಂದು ಭಾಷೇಲಿ ನಾಲ್ಕು ಮಾತು ಕಲ್ತಿದ್ದಕ್ಕೆ ಹೋಂಸ್ಟೇ ಹುಡುಗ ಅವರಮ್ಮನ ಜೊತೆ ಕನ್ನಡ ಬಿಟ್ಟಿಲ್ಲ, ಬಿಡೋದೂ ಇಲ್ಲ. ಆ ಹೆದರಿಕೆ ಇರ್ಬೇಕಾದ್ದು ಬೇರೆ ಕಡೆ, ಮನೇಲಿ ಮಗುವಿನ ಜೊತೆ ಕನ್ನಡ ಮಾತಾಡೋದನ್ನೇ ಬಿಟ್ಟಿರೋ ಅಪ್ಪ ಅಮ್ಮಂದಿರ ಹತ್ರ.

ಮನೇಲೇ ಕಲೀಬೇಕು, ಹೇಳ್ಕೊಡೋರಿಲ್ಲ ಅನ್ನೋ ಸೊರಬ, ಶಿಕಾರಿಪುರ ಕಡೆಯೋರು ಕೇಳಿದ್ರೆ ನಾನು ಹೇಳೋದು, ಆ್ಯಪ್ ಹಾಕ್ಕೊಳ್ಳಿ ಬೇಡ ಅನ್ನಲ್ಲ, ಆದ್ರೆ ಒಬ್ಬ ಮನುಷ್ಯ ಬೇಕೇ ಬೇಕು. ನಿಮ್ಮಷ್ಟೇ ಇಂಗ್ಲಿಷ್ ಬರೋ ಒಬ್ಬ ಫ್ರೆಂಡ್ ಸಾಕು, ದಿನಾ ಹತ್ತು ನಿಮಿಷ ಫೋನಲ್ಲಿ, ಇವತ್ತು ಏನೇನಾಯ್ತು ಅಂತ ಅಷ್ಟೇ. ಪದ ಸಿಗದೇ ಇದ್ರೆ ಕನ್ನಡ ಪದಾನೇ ಹಾಕಿ ಮುಂದೆ ಹೋಗಿ, ಫೋನ್ ಇಟ್ಟ ಮೇಲೆ ಆ ಪದ ಹುಡುಕಿ. ನಿಮ್ಮ ದನಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಕ್ಕೆ ಮುಜುಗರ ಆಗತ್ತೆ, ಆಮೇಲೆ ರೂಢಿ ಆಗತ್ತೆ. ಗಟ್ಟಿಯಾಗಿ ಮಾತಾಡಿ, ಮನಸ್ಸಲ್ಲೇ ಅಂದ್ಕೊಂಡ್ರೆ ನಾಲಿಗೆಗೆ ಅಭ್ಯಾಸ ಆಗಲ್ಲ.

ಸದ್ಯ ನಂಗೆ ಸವಾಲಾಗಿರೋದು ಗುಂಪಲ್ಲಿ ಮಾತಾಡ್ಸೋದು. ಇಬ್ಬರ ನಡುವೆ ಎಲ್ರೂ ಚೆನ್ನಾಗೇ ಮಾತಾಡ್ತಾರೆ, ಗ್ರೂಪ್ ಡಿಸ್ಕಷನ್ ಅಂದ್ರೆ ಹೊಸನಗರದ ಆ ಹುಡುಗಿನೂ ಗಪ್‌ಚಿಪ್. ಇನ್ನೊಬ್ಬರು ಮಾತಾಡ್ತಿರೋವಾಗ ಬಾಯಿ ಹಾಕ್ಬಾರ್ದು ಅಂತ ನಮ್ಮ ಕಡೆ ಮಕ್ಕಳನ್ನ ಬೆಳೆಸಿರ್ತಾರೆ, ಕಂಪನಿಯೋರು ನೋಡೋದು ಬಾಯಿ ಹಾಕ್ತಾರಾ ಅಂತಾನೇ. ಕಾದ್ರೆ ಪಾಳಿ ಬರಲ್ಲ ಅಲ್ಲಿ. ‘ಕ್ಯಾನ್ ಐ ಆಡ್ ಸಮ್‌ಥಿಂಗ್ ಹಿಯರ್?’ ‘ಐ ಸೀ ಯುವರ್ ಪಾಯಿಂಟ್, ಬಟ್...’ ಅಂತ ಬಾಯಿಪಾಠ ಮಾಡ್ಸಿದ್ರೆ ಹೇಳ್ತಾರೆ, ಸಮಯಕ್ಕೆ ಸರಿಯಾಗಿ ಹೊರಗೆ ಬರಲ್ಲ. ಅದಕ್ಕೇ ಈಗ ಮೊದಲು ಕನ್ನಡದಲ್ಲೇ ಒಂದು ಜಗಳ ಹಚ್ಚಿ, ಬಿಸಿ ಏರಿದ ಮೇಲೆ ಅದೇ ಜಗಳಾನ ಇಂಗ್ಲಿಷಿಗೆ ತಿರುಗಿಸ್ತಿದೀನಿ. ಹೋದ ವಾರದ ವಿಷ್ಯ ಜೋಗಕ್ಕೆ ಯಾವಾಗ ಹೋಗ್ಬೇಕು ಅನ್ನೋದು. ಮಂಡಿ ಲೆಕ್ಕದೋರು ಮಳೆಗಾಲ ಅಂತ, ನರ್ಸು 253 ಮೀಟರ್ ಜಲಪಾತ ಮಂಜಲ್ಲಿ ಒಂಚೂರೂ ಕಾಣ್ದೇ ಛತ್ರಿ ಹಿಡ್ಕೊಂಡು ವಾಪಸ್ ಬರೋದಕ್ಕಿಂತ ಮಳೆ ಬಿಟ್ಟ ಮೇಲೆ ಹೋಗೋದೇ ವಾಸಿ ಅಂತ. ನಾನು ಗಂಟೆ ಬಾರ್ಸಿ ‘ನೌ ಇನ್ ಇಂಗ್ಲಿಷ್’ ಅಂದೆ, ಒಂದ್ ಕ್ಷಣ ಎಲ್ರೂ ತಬ್ಬಿಬ್ಬು, ಆಮೇಲೆ ನರ್ಸು ಶುರು ಮಾಡಿದ್ಲು, ಮಂಡಿಯೋರು ಅವಳನ್ನ ಅರ್ಧದಲ್ಲೇ ತಡೆದು ‘ಸಾರಿ ಟು ಕಟ್ ಇನ್, ಬಟ್ ಆಫ್ಟರ್ ರೇನ್ ನೋ ವಾಟರ್, ಓನ್ಲಿ ರಾಕ್ ಯೂ ವಿಲ್ ಸೀ’ ಅಂತ ಮೇಜು ಕುಟ್ಟಿದ್ರು, ಅವಳು ‘ಲೆಟ್ ಮಿ ಫಿನಿಶ್!’ ಅಂದ್ಲು, ಅದನ್ನ ನಾನು ಹೇಳ್ಕೊಟ್ಟೇ ಇರ್ಲಿಲ್ಲ.